ಎದುರಾಳಿಗಾಗಿ ಕಾದವರು: ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ ಫೈಟಿಂಗ್ ಕಲೆಕ್ಷನ್

2013ರ ಡಿಸೆಂಬರ್‌ನಲ್ಲಿ ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360ರ ಆನ್‌ಲೈನ್ ಅಂಗಡಿಗಳಿಂದ ‘ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2’ ಎಂಬ ಹೊಡೆದಾಟದ ವಿಡಿಯೋ ಆಟವನ್ನು ತೆಗೆದುಹಾಕಲಾಯಿತು. ಆಟದಲ್ಲಿ ದೋಷವಿತ್ತೆಂದಲ್ಲ, ಕೊಳ್ಳುವವರಿರಲಿಲ್ಲವೆಂದೂ ಅಲ್ಲ. ಜಪಾನಿನ ಕ್ಯಾಪ್‌ಕಾಮ್ ಕಂಪನಿಗೂ ಅಮೆರಿಕದ ಮಾರ್ವೆಲ್‌ಗೂ ನಡುವೆ ಇದ್ದ ಪರವಾನಗಿಯ ಅವಧಿ ತೀರಿತ್ತು, ಅಷ್ಟೆ. ಅದಕ್ಕೂ ಮೊದಲೇ ಕೊಂಡಿದ್ದವರ ಬಳಿ ಆಟ ಉಳಿಯಿತು. ಉಳಿದವರಿಗೆ ಹೊಸ ಕನ್ಸೋಲ್‌ನಲ್ಲಾಗಲಿ ಕಂಪ್ಯೂಟರ್‌ನಲ್ಲಾಗಲಿ ಅದನ್ನು ದುಡ್ಡು ಕೊಟ್ಟು ಪಡೆಯುವ ದಾರಿಯೇ ಇಲ್ಲವಾಯಿತು. ಆ ದಾರಿ ಮತ್ತೆ ತೆರೆದದ್ದು 2024ರ ಸೆಪ್ಟೆಂಬರ್ 12ರಂದು, ಅಂದರೆ ಹತ್ತು ವರ್ಷ ಒಂಬತ್ತು ತಿಂಗಳ ಬಳಿಕ, ‘ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ ಫೈಟಿಂಗ್ ಕಲೆಕ್ಷನ್: ಆರ್ಕೇಡ್ ಕ್ಲಾಸಿಕ್ಸ್’ ಎಂಬ ಏಳು ಆಟಗಳ ಸಂಕಲನ ಬಿಡುಗಡೆಯಾದಾಗ. ನಾನು ಈ ಸಂಕಲನವನ್ನು ಕಂಪ್ಯೂಟರ್‌ನಲ್ಲಿ, ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯ ಮೂಲಕ ಕೊಂಡು, ಸಾಕಷ್ಟು ದಿನ ಆಡಿ, ಬಹಳಷ್ಟು ಸೋತು, ಈ ವಿಮರ್ಶೆ ಬರೆಯುತ್ತಿದ್ದೇನೆ.

ಇಷ್ಟು ವರ್ಷ ಕಾದವರು ಸುಮ್ಮನೆ ಕೈಕಟ್ಟಿ ಕೂತಿರಲಿಲ್ಲ ಎಂಬುದನ್ನು ಮೊದಲು ಹೇಳಬೇಕು. ಕೆಲವರು ಡ್ರೀಮ್‌ಕಾಸ್ಟ್ ಎಂಬ ಹಳೆಯ ಗೇಮ್ ಯಂತ್ರವನ್ನು ಒರೆಸಿ ಉಳಿಸಿಕೊಂಡಿದ್ದರು. ಇನ್ನು ಕೆಲವರು ಹಳೆಯ ಯಂತ್ರವನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವ ಎಮ್ಯುಲೇಟರ್ ಹಾಕಿಕೊಂಡು ಫೈಟ್‌ಕೇಡ್ ಎಂಬ ತಂತ್ರಾಂಶದ ಮೂಲಕ ಊರೂರಿನವರೊಂದಿಗೆ ಆಡುತ್ತಿದ್ದರು. ಜೇಬು ದಪ್ಪವಿದ್ದವರು ಆರ್ಕೇಡ್1ಅಪ್ ಕಂಪನಿ ಮಾಡಿದ, ಮನೆಯ ಮೂಲೆಯಲ್ಲಿ ಬೀರುವಿನಂತೆ ನಿಲ್ಲಿಸಬಹುದಾದ ಯಂತ್ರವನ್ನು ತರಿಸಿಕೊಂಡರು. 2016ರ ಕೊನೆಗೆ ‘ಅಲ್ಟಿಮೇಟ್ ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 3’ ಪ್ಲೇಸ್ಟೇಷನ್ 4ಕ್ಕೆ ಬಂದಾಗ ಎರಡನೆಯದೂ ಹಿಂದೆಯೇ ಬರುತ್ತದೆಂಬ ಆಸೆ ಹುಟ್ಟಿತು. ಬರಲಿಲ್ಲ. ಅದರ ಬದಲು 2017ರಲ್ಲಿ ಬಂದ, ಇದೇ ಸರಣಿಯ ‘ಇನ್‌ಫಿನಿಟ್’ನಲ್ಲಿ ಮಾರ್ವೆಲ್‌ನ ಎಕ್ಸ್‌-ಮೆನ್ ಪಂಗಡದ ಒಂದು ಪಾತ್ರವೂ ಇರಲಿಲ್ಲ, ಮದುವೆಗೆ ಹೋದವರಿಗೆ ಗಂಡೂ ಇಲ್ಲ, ಹೆಣ್ಣೂ ಇಲ್ಲ, ಬರೀ ಚಪ್ಪರ ಕಂಡಂತಾಯಿತು. 2021ರಲ್ಲಿ ಅಭಿಮಾನಿಗಳು ‘ಎಂವಿಸಿ2ನ್ನು (ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2ರ ಚುಟುಕು ಹೆಸರು) ಬಿಡುಗಡೆ ಮಾಡಿ’ ಎಂಬ ಅರ್ಥದ ಹ್ಯಾಷ್‌ಟ್ಯಾಗ್ ಹಿಡಿದು ಸಾಮಾಜಿಕ ಜಾಲತಾಣಗಳಲ್ಲಿ ಒತ್ತಾಯ ಆರಂಭಿಸಿದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಎಮ್ಯುಲೇಟರ್‌ನಲ್ಲಿ ಆಡಲು ಸಿಗುತ್ತಿದ್ದ ಆಟಕ್ಕೆ ಜನ ಇಷ್ಟು ಹಂಬಲಿಸಿದ್ದೇಕೆ? ನನ್ನ ಮಟ್ಟಿಗೆ ಉತ್ತರ ಸರಳ. ಅವರು ಕಾದದ್ದು ಆಟಕ್ಕಲ್ಲ, ಎದುರಾಳಿಗೆ. ಎಮ್ಯುಲೇಟರ್ ಹಾಕಿಕೊಳ್ಳಲು ಕಡತ ಎಲ್ಲಿ ಸಿಗುತ್ತದೆ, ಅದನ್ನು ಎಲ್ಲಿಡಬೇಕು, ಯಾವ ಸಂಖ್ಯೆ ಬದಲಿಸಬೇಕು ಎಂಬುದೆಲ್ಲ ತಿಳಿದಿರಬೇಕು. ಆ ತಾಳ್ಮೆ ಇರುವವರ ವಲಯ ಚಿಕ್ಕದು, ಅಲ್ಲಿ ಸಿಗುವವರೆಲ್ಲ ಇಪ್ಪತ್ತು ವರ್ಷ ಪಳಗಿದವರು. ಅಂಗಡಿಯಲ್ಲಿ ಸಿಗುವ ಆಟಕ್ಕೆ ಹೊಸಬ ಬರುತ್ತಾನೆ, ಮರೆತವನು ಮರಳುತ್ತಾನೆ, ತಿಳಿಯದವನು ಹೆಸರು ನೋಡಿ ಕೊಳ್ಳುತ್ತಾನೆ. ಇಬ್ಬರು ಸೇರಿ ಆಡಬೇಕಾದ ಆಟಕ್ಕೆ ಇದೇ ಉಸಿರು. ಹೀಗಾಗಿ ಈ ಸಂಕಲನವನ್ನು ನಾನು ಅಳೆಯುವ ಸೇರು ಒಂದೇ: ರಾತ್ರಿ ಹತ್ತು ಗಂಟೆಗೆ ಕೂತರೆ, ಆಡಲು ಇನ್ನೊಬ್ಬರು ಸಿಗುತ್ತಾರೆಯೇ, ಸಿಕ್ಕರೆ ಆಟ ಸಲೀಸಾಗಿ ನಡೆಯುತ್ತದೆಯೇ?

2024ರ ಜೂನ್ 18ರಂದು ನಿಂಟೆಂಡೊ ಕಂಪನಿಯ ಪ್ರಸಾರದಲ್ಲಿ ಈ ಸಂಕಲನದ ಘೋಷಣೆಯಾದಾಗ ನಿದ್ದೆಗೆಟ್ಟು ಕೂತಿದ್ದವರ ಕೂಗಾಟ ಏನೆಂಬುದನ್ನು ಇಲ್ಲಿ ವರ್ಣಿಸುವುದಿಲ್ಲ. ಆದರೆ ಘೋಷಣೆಗೂ ಬಿಡುಗಡೆಗೂ ನಡುವಿನ ಮೂರು ತಿಂಗಳಲ್ಲಿ ಅಭಿಮಾನಿಗಳು ಕೇಳುತ್ತಿದ್ದ ಪ್ರಶ್ನೆಗಳು ಗಮನಾರ್ಹ, ಏಕೆಂದರೆ ಚಿತ್ರ ಹೊಳಪಾಗಿದೆಯೇ, ಹಾಡು ಅದೇ ಇದೆಯೇ ಎಂಬುದಕ್ಕಿಂತ ಹೆಚ್ಚಾಗಿ ಅವು ಕೂಡಿ ಆಡುವುದಕ್ಕೆ ಸಂಬಂಧಿಸಿದ್ದವು. ನೆಟ್‌ಕೋಡ್, ಅಂದರೆ ದೂರದ ಇಬ್ಬರ ಆಟವನ್ನು ಇಂಟರ್‌ನೆಟ್ ಮೂಲಕ ಜೋಡಿಸುವ ವಿಧಾನ, ಯಾವ ಬಗೆಯದು? ಎಕ್ಸ್‌ಬಾಕ್ಸ್ ಏಕಿಲ್ಲ? ಪ್ಲೇಸ್ಟೇಷನ್‌ನವನು ಕಂಪ್ಯೂಟರ್‌ನವನೊಂದಿಗೆ ಆಡಬಹುದೇ? ಮೊದಲನೆಯದಕ್ಕೆ ಒಳ್ಳೆಯ ಉತ್ತರ ಸಿಕ್ಕಿತು: ರೋಲ್‌ಬ್ಯಾಕ್ (ಅದೇನೆಂದು ಮುಂದೆ ಹೇಳುತ್ತೇನೆ). ಎರಡನೆಯದಕ್ಕೆ ಆಗಸ್ಟ್‌ನಲ್ಲಿ, ‘2025ರಲ್ಲಿ ಬರುತ್ತದೆ’ ಎಂಬ ತಡವಾದ ಭರವಸೆ ಸಿಕ್ಕಿತು. ಮೂರನೆಯದಕ್ಕೆ ಉತ್ತರ ‘ಇಲ್ಲ’ ಎಂದಾಯಿತು. ಇವುಗಳ ಜೊತೆಗೆ ಇನ್ನೊಂದು ಪ್ರಶ್ನೆಯೂ ಇತ್ತು, ಆರು ಹೋರಾಟದ ಆಟಗಳ ಪಕ್ಕದಲ್ಲಿ ‘ದಿ ಪನಿಷರ್’ ಎಂಬ ಬೀದಿ ಕಾಳಗದ ಆಟ ಏಕಿದೆ ಎಂದು. ಈ ಪ್ರಶ್ನೆ ಕೇಳಿದವರಾರೂ ನಮ್ಮ ಕಡೆಯ ಗೇಮ್ ಅಂಗಡಿಗಳಲ್ಲಿ ಬೆಳೆದವರಲ್ಲ ಎಂದು ನನಗೆ ಆಗಲೇ ಅನಿಸಿತ್ತು.

ತೊಂಬತ್ತರ ದಶಕದ ದಾವಣಗೆರೆಯಲ್ಲಿ ನಾನು ಕಂಡ ವಿಡಿಯೋ ಗೇಮ್ ಅಂಗಡಿಯೆಂದರೆ ಕಿಟಕಿಯಿಲ್ಲದ ಒಂದು ಕೋಣೆ, ಪ್ಲೈವುಡ್ಡಿನ ಐದಾರು ಪೆಟ್ಟಿಗೆಗಳು, ಬಾಗಿಲಲ್ಲಿ ಒಂದು ಪರದೆ, ಒಳಗೆ ಬೆವರು ಮತ್ತು ಗದ್ದಲ. ಅಲ್ಲಿ ಅತಿ ಹೆಚ್ಚು ಕಾಸು ನುಂಗುತ್ತಿದ್ದದ್ದು 1993ರಲ್ಲಿ ಕ್ಯಾಪ್‌ಕಾಮ್ ಮಾಡಿದ ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’. ಆದರೆ ಆ ಹೆಸರು ನಮಗಾರಿಗೂ ಗೊತ್ತಿರಲಿಲ್ಲ. ಹಳದಿ ಟೋಪಿ ಹಾಕಿ ಓಡಿ ಬಂದು ಒದೆಯುತ್ತಿದ್ದ ಪಾತ್ರದ ಹೆಸರಿನಿಂದ ಅದು ನಮಗೆ ‘ಮುಸ್ತಫಾ ಗೇಮ್’. ಇಂದಿಗೂ ನನ್ನ ವಯಸ್ಸಿನವರ ಮುಂದೆ ‘ಮುಸ್ತಫಾ’ ಎಂದರೆ ಸಾಕು, ಮುಖ ಅರಳುತ್ತದೆ. ‘ದಿ ಪನಿಷರ್’ ಅದೇ ವರ್ಷದ, ಅದೇ ಕಂಪನಿಯ, ಅದೇ ಜಾತಿಯ ಆಟ. ಪರದೆ ಎಡದಿಂದ ಬಲಕ್ಕೆ ಸರಿಯುತ್ತದೆ. ಒಬ್ಬನಿಗೆ ಪನಿಷರ್, ಇನ್ನೊಬ್ಬನಿಗೆ ನಿಕ್ ಫ್ಯೂರಿ. ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ಗುಂಡಿ ಕುಟ್ಟಬೇಕು. ಶತ್ರುಗಳು ಬಂದೂಕು ತೆಗೆದರೆ ಮಾತ್ರ ನಮ್ಮವರೂ ಬಂದೂಕು ತೆಗೆಯುತ್ತಾರೆಂಬ ಸಣ್ಣ ಮರ್ಯಾದೆ ಈ ಆಟದಲ್ಲಿದೆ. ವಿದೇಶದ ಅಭಿಮಾನಿಗೆ ಇದು ಸಂಕಲನದ ಬಾಲ. ನಮಗೆ ಇದು ತೌರಿನ ಬಾಗಿಲು.

ಹೋರಾಟದ ಆಟಗಳ ಪೆಟ್ಟಿಗೆಯ ಮುಂದೆ ನಿಯಮ ಬೇರೆಯಿತ್ತು. ಗೆದ್ದವನು ನಿಂತೇ ಇರುತ್ತಾನೆ, ಸೋತವನು ಜಾಗ ಬಿಡುತ್ತಾನೆ, ಮುಂದಿನವನು ತನ್ನ ನಾಣ್ಯವನ್ನು ಗಾಜಿನ ಕೆಳಗಿನ ಅಂಚಿನಲ್ಲಿ ಇಟ್ಟು ಸರದಿ ಕಾಯುತ್ತಾನೆ. ಎದುರಾಳಿಯ ಮೊಣಕೈ ನಮ್ಮ ಮೊಣಕೈಗೆ ತಾಗುತ್ತಿತ್ತು. ಅವನು ಯಾವ ಗುಂಡಿ ಒತ್ತುತ್ತಾನೆಂದು ಓರೆಗಣ್ಣಿನಲ್ಲಿ ನೋಡಬಹುದಿತ್ತು. ಈ ಸಂಕಲನದ ಆರು ಆಟಗಳೂ ಅಂಥ ಜಾಗಕ್ಕೆಂದೇ ಹುಟ್ಟಿದವು.

ಆ ಆರರಲ್ಲಿ ಮೊದಲನೆಯದು 1994ರ ‘ಎಕ್ಸ್‌-ಮೆನ್: ಚಿಲ್ಡ್ರನ್ ಆಫ್ ದಿ ಆಟಮ್’. ಆಗಿನ ಹೋರಾಟದ ಆಟಗಳಲ್ಲಿ ಕಾದಾಟ ನೆಲದ ಮೇಲೆ ನಡೆಯುತ್ತಿದ್ದರೆ, ಇಲ್ಲಿ ಪಾತ್ರಗಳು ಪರದೆಯ ಮೇಲಂಚನ್ನೂ ದಾಟಿ ಜಿಗಿಯುತ್ತವೆ, ಗಾಳಿಯಲ್ಲೇ ಹೊಡೆತದ ಮೇಲೆ ಹೊಡೆತ ಪೋಣಿಸುತ್ತವೆ. ಆಡಲು ಹತ್ತೇ ಪಾತ್ರಗಳು. ಕೊನೆಯಲ್ಲಿ ಎದುರಾಗುವ ಮ್ಯಾಗ್ನೆಟೊ ಇಂದಿಗೂ ಒಬ್ಬನೇ ಆಡುವವನ ರಕ್ತ ಕುದಿಸುತ್ತಾನೆ. ಈ ಆಟದ ಚಿತ್ರಗಾರರ ಕೈಚಳಕವನ್ನು ನಿಧಾನವಾಗಿ ನೋಡಬೇಕು. ಸ್ಟಾರ್ಮ್‌ನ ಮೇಲಂಗಿ ಬೀಸುವ ರೀತಿ, ಸೆಂಟಿನೆಲ್ ಎಂಬ ಯಂತ್ರದೈತ್ಯ ಕಾಲಿಡುವ ತೂಕ, ಇವೆಲ್ಲ ಚುಕ್ಕೆ ಚುಕ್ಕೆಯಾಗಿ ಕೈಯಿಂದ ಬಿಡಿಸಿದವು. 1994ರ ಇದೇ ಚಿತ್ರಗಳನ್ನು ಕ್ಯಾಪ್‌ಕಾಮ್ 2000ನೇ ಇಸವಿಯ ‘ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2’ರಲ್ಲಿಯೂ ಬಳಸಿತು. ಸಂಕಲನದಲ್ಲಿ ಎರಡನ್ನೂ ಒಂದರ ಹಿಂದೊಂದು ತೆರೆದರೆ, ಆರು ವರ್ಷ ಹಳೆಯ ಬಟ್ಟೆ ತೊಟ್ಟೇ ಹೊಸ ಮನೆಗೆ ಬಂದ ನೆಂಟರಂತೆ ಅವರು ಕಾಣುತ್ತಾರೆ.

1995ರ ‘ಮಾರ್ವೆಲ್ ಸೂಪರ್ ಹೀರೋಸ್’ನಲ್ಲಿ ಆರು ಅನಂತ ಮಣಿಗಳಿವೆ, ಕೊನೆಯಲ್ಲಿ ಥಾನೋಸ್ ಇದ್ದಾನೆ. ಚಿತ್ರಮಂದಿರದಲ್ಲಿ ಥಾನೋಸ್‌ನನ್ನು ಕಂಡ ಇಂದಿನ ಹುಡುಗರಿಗೆ ಅವನು ಇಪ್ಪತ್ತು ವರ್ಷ ಮೊದಲೇ ನಾಣ್ಯ ನುಂಗುತ್ತಿದ್ದನೆಂದರೆ ನಂಬಿಕೆ ಬರುವುದಿಲ್ಲ. ಮಣಿಗಳನ್ನು ಆಟದ ನಡುವೆ ಕಿತ್ತುಕೊಳ್ಳಬಹುದು, ಬಳಸಿ ಬಲ ಪಡೆಯಬಹುದು. ಆದರೆ ಇಬ್ಬರು ಗಂಭೀರವಾಗಿ ಕೂತಾಗ ಈ ಆಟ ನನಗೆ ಬೇಗ ಸಪ್ಪೆಯಾಗುತ್ತದೆ. 1996ರ ‘ಎಕ್ಸ್‌-ಮೆನ್ ವರ್ಸಸ್ ಸ್ಟ್ರೀಟ್ ಫೈಟರ್’ ಹಾಗಲ್ಲ. ಇಬ್ಬಿಬ್ಬರ ಜೋಡಿ, ದಣಿದವನನ್ನು ಹೊರಗೆ ಕರೆಸಿ ಇನ್ನೊಬ್ಬನನ್ನು ಒಳಗೆ ಕಳಿಸುವ ಪದ್ಧತಿ ಇಲ್ಲಿಂದಲೇ ಶುರು. ಮೊದಲ ಪ್ಲೇಸ್ಟೇಷನ್‌ಗೆ ಈ ಆಟ ಬಂದಾಗ ಯಂತ್ರದ ಮೆಮೊರಿ ಸಾಲದೆ ಆ ಅದಲುಬದಲನ್ನೇ ಕೈಬಿಡಬೇಕಾಯಿತು. ಆಟದ ಜೀವವನ್ನೇ ತೆಗೆದು ದೇಹ ಮಾರಿದಂತೆ. ನಮ್ಮಲ್ಲಿ ಹಲವರು ಮನೆಯಲ್ಲಿ ಕಂಡದ್ದು ಆ ಅರೆಬರೆ ರೂಪವನ್ನೇ, ಆದ್ದರಿಂದ ಈಗ ಆರ್ಕೇಡ್ ರೂಪ, ಅಂದರೆ ಗೇಮ್ ಅಂಗಡಿಯ ಪೆಟ್ಟಿಗೆಯಲ್ಲಿದ್ದ ರೂಪ, ಪೂರ್ತಿಯಾಗಿ ಕೈಗೆ ಸಿಗುವುದು ಸಣ್ಣ ಮಾತಲ್ಲ. 1997ರ ‘ಮಾರ್ವೆಲ್ ಸೂಪರ್ ಹೀರೋಸ್ ವರ್ಸಸ್ ಸ್ಟ್ರೀಟ್ ಫೈಟರ್’ನಲ್ಲಿ ನೊರಿಮಾರೊ ಎಂಬ ಹಾಸ್ಯಪಾತ್ರವಿದೆ; ಜಪಾನಿನ ಹಾಸ್ಯನಟರೊಬ್ಬರ ಕಲ್ಪನೆಯಾದ ಈತನನ್ನು ಆಗ ಜಪಾನಿನ ಹೊರಗೆ ಬಿಟ್ಟಿರಲಿಲ್ಲ, ಈ ಸಂಕಲನದಲ್ಲಿ ಎಲ್ಲರಿಗೂ ಬಿಟ್ಟಿದ್ದಾರೆ. 1998ರ ಮೊದಲ ‘ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್’ ಚೆನ್ನಾಗಿದೆ, ವೇಗವಾಗಿದೆ, ಹೊಸಬರಿಗೆ ಇಲ್ಲಿಂದ ಆರಂಭಿಸುವಂತೆ ಹೇಳುತ್ತೇನೆ.

ಇವುಗಳನ್ನು ಉಳಿಸಿಕೊಳ್ಳುವುದು ಏಕೆ ಕಷ್ಟವಾಗಿತ್ತು ಎಂಬುದಕ್ಕೆ ಒಂದು ತಾಂತ್ರಿಕ ಕಾರಣವೂ ಇದೆ. 1994ರಿಂದ 1998ರವರೆಗಿನ ಈ ಐದೂ ಆಟಗಳು ಸಿಪಿಎಸ್‌-2 ಎಂಬ ಎಲೆಕ್ಟ್ರಾನಿಕ್ ಬೋರ್ಡಿನ ಮೇಲೆ ಓಡುತ್ತಿದ್ದವು. ನಕಲು ತಡೆಯಲು ಕ್ಯಾಪ್‌ಕಾಮ್ ಆಟದ ಸಂಕೇತವನ್ನು ಗೂಢಲಿಪಿಗೊಳಿಸಿ, ಅದನ್ನು ಬಿಡಿಸುವ ಕೀಲಿಯನ್ನು ಒಂದು ಬ್ಯಾಟರಿಯ ಆಸರೆಯಲ್ಲಿ ಬದುಕುವ ಮೆಮೊರಿಯಲ್ಲಿ ಇಟ್ಟಿತ್ತು. ಬ್ಯಾಟರಿ ಮುಗಿದ ದಿನ ಕೀಲಿ ಅಳಿಸಿಹೋಗುತ್ತಿತ್ತು, ಬೋರ್ಡು ಸತ್ತುಹೋಗುತ್ತಿತ್ತು. ಸಂಗ್ರಾಹಕರ ಬಾಯಲ್ಲಿ ಅದು ‘ಆತ್ಮಹತ್ಯೆಯ ಬ್ಯಾಟರಿ’. ಒಂದು ಕಡೆ ಕಾಗದದ ಮೇಲಿನ ಪರವಾನಗಿಗೆ ಆಯಸ್ಸು, ಇನ್ನೊಂದು ಕಡೆ ಪೆಟ್ಟಿಗೆಯೊಳಗಿನ ಬ್ಯಾಟರಿಗೆ ಆಯಸ್ಸು, ಎರಡೂ ತೀರಿದ ಮೇಲೆ ಉಳಿಯುವುದು ನೆನಪು ಮತ್ತು ಎಮ್ಯುಲೇಟರ್.

ಈಗ ‘ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2’. ಈ ಸಂಕಲನಕ್ಕೆ ಇದು ಒಂದೇ ಇದ್ದಿದ್ದರೂ ಜನ ಕೊಳ್ಳುತ್ತಿದ್ದರು. 56 ಪಾತ್ರಗಳು, ಎರಡೂ ಕಡೆಗೆ 28ರಂತೆ (ವುಲ್ವರಿನ್‌ನನ್ನೇ ಎರಡು ಸಲ ಎಣಿಸಿದ್ದಾರೆ ಎಂಬುದು ಬೇರೆ ಮಾತು). ಮೂರು ಮೂರು ಜನರ ತಂಡ. ಪ್ರತಿ ಪಾತ್ರಕ್ಕೂ ಮೂರು ಬಗೆಯ ಸಹಾಯದಲ್ಲಿ ಒಂದನ್ನು ಆಯ್ದುಕೊಳ್ಳಬೇಕು. ಹಿಂದೆ ಮನೆಯ ಯಂತ್ರಗಳಲ್ಲಿ ಪಾತ್ರಗಳನ್ನು ಅಂಕ ಗಳಿಸಿ ಒಂದೊಂದಾಗಿ ಬಿಡಿಸಿಕೊಳ್ಳಬೇಕಿತ್ತು, ಇಲ್ಲಿ ಎಲ್ಲರೂ ಮೊದಲ ದಿನವೇ ಸಿಗುತ್ತಾರೆ. ಪಾತ್ರ ಆರಿಸುವ ಪರದೆಯ ಹಿಂದೆ ಜಾಝ್ ಧಾಟಿಯಲ್ಲಿ ಹಾಡುವ ಹೆಣ್ಣುದನಿಯೂ ಹಾಗೆಯೇ ಇದೆ. ಹೊಡೆದಾಟದ ಆಟಕ್ಕೆ ಕಾಫಿ ಹೌಸಿನ ಸಂಗೀತ ಹಾಕಿದ ಪುಣ್ಯಾತ್ಮ ಯಾರೋ ಎಂದು ಮೊದಲು ಬೈದವರೇ ಈಗ ಅದನ್ನು ಗುನುಗುತ್ತಾರೆ.

ಈ ಆಟ ನ್ಯಾಯವಾದುದೇ ಎಂದು ಕೇಳಿದರೆ, ಖಂಡಿತ ಅಲ್ಲ. 56ರಲ್ಲಿ ಮ್ಯಾಗ್ನೆಟೊ, ಸ್ಟಾರ್ಮ್, ಸೆಂಟಿನೆಲ್, ಕೇಬಲ್ ಎಂಬ ನಾಲ್ವರು ಉಳಿದವರಿಗಿಂತ ಎಷ್ಟೋ ಮೇಲಿದ್ದಾರೆ. ಸ್ಪರ್ಧೆಗಳಲ್ಲಿ ಎರಡು ದಶಕ ಇವರದೇ ಆಳ್ವಿಕೆ. ಸೆಂಟಿನೆಲ್ ಹಾರುತ್ತ ಮೇಲಿನಿಂದ ಹೊಡೆಯುವಾಗ, ಕೆಳಗೆ ಸಹಾಯಕ್ಕೆ ಕರೆದವನು ನಮ್ಮ ಕಾಲು ಹಿಡಿಯುವಾಗ, ಯಾವುದನ್ನು ತಡೆಯಬೇಕೆಂದು ಯೋಚಿಸುವಷ್ಟರಲ್ಲಿ ನಮ್ಮ ತಂಡದ ಮೊದಲ ಪಾತ್ರ ಸತ್ತಿರುತ್ತದೆ. ಇಷ್ಟಾದರೂ ಆಟ ಹಳಸದಿರಲು ಕಾರಣ ಆ ಅನ್ಯಾಯವೇ. ಎಲ್ಲರ ಕೈಯಲ್ಲೂ ಬ್ರಹ್ಮಾಸ್ತ್ರವಿದೆ, ಯಾರು ಮೊದಲು ಹೂಡುತ್ತಾರೆ ಎಂಬುದಷ್ಟೇ ಪ್ರಶ್ನೆ. ಸಮತೋಲ ಮಾಡುತ್ತೇವೆಂದು ಕ್ಯಾಪ್‌ಕಾಮ್ ಇಲ್ಲಿ ಕೈಹಾಕದೆ ಹಳೆಯದನ್ನು ಹಳೆಯದಾಗಿಯೇ ಬಿಟ್ಟದ್ದು ಸರಿಯಾದ ತೀರ್ಮಾನ.

ಇನ್ನು ನನ್ನ ಅಳತೆಗೋಲಿಗೆ ಬರುತ್ತೇನೆ. ಈ ಆಟಗಳು ಒಂದು ಸೆಕೆಂಡಿಗೆ 60 ಚೌಕಟ್ಟುಗಳಂತೆ ಓಡುತ್ತವೆ. ಆಟಗಾರರ ಭಾಷೆಯಲ್ಲಿ ಒಂದು ‘ಫ್ರೇಮ್’ ಎಂದರೆ ಸುಮಾರು 16.7 ಮಿಲಿಸೆಕೆಂಡು. ನಾನು ಬೆಂಗಳೂರಿನಲ್ಲಿ ಒತ್ತಿದ ಗುಂಡಿಯ ಸುದ್ದಿ ಇನ್ನೊಂದು ಊರಿನ ಎದುರಾಳಿಯ ಯಂತ್ರಕ್ಕೆ ತಲುಪಲು ಕೆಲವು ಫ್ರೇಮ್‌ಗಳಷ್ಟು ಹೊತ್ತು ಬೇಕು. ಹಳೆಯ ವಿಧಾನದಲ್ಲಿ ಇಬ್ಬರ ಯಂತ್ರಗಳೂ ಆ ಸುದ್ದಿ ಬರುವವರೆಗೆ ಕಾಯುತ್ತಿದ್ದವು, ಅಂದರೆ ನನ್ನ ಗುಂಡಿಯೂ ನನಗೇ ತಡವಾಗಿ ಕೆಲಸ ಮಾಡುತ್ತಿತ್ತು; ಸಂಪರ್ಕ ಏರುಪೇರಾದರೆ ಆಟ ಕೆಸರಿನಲ್ಲಿ ನಡೆದಂತೆ ಆಗುತ್ತಿತ್ತು. ರೋಲ್‌ಬ್ಯಾಕ್ ವಿಧಾನದಲ್ಲಿ ಯಂತ್ರ ಕಾಯುವುದಿಲ್ಲ. ಎದುರಾಳಿ ಈ ಕ್ಷಣದ ಹಿಂದೆ ಏನು ಮಾಡುತ್ತಿದ್ದನೋ ಅದನ್ನೇ ಮುಂದುವರಿಸುತ್ತಾನೆಂದು ಊಹಿಸಿ ಆಟವನ್ನು ಮುಂದಕ್ಕೆ ಓಡಿಸುತ್ತದೆ. ಊಹೆ ಸರಿಯಾದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ತಪ್ಪಾದರೆ, ನೆನಪಿಟ್ಟುಕೊಂಡಿದ್ದ ಹಿಂದಿನ ಸ್ಥಿತಿಗೆ ಮರಳಿ, ನಿಜವಾದ ಗುಂಡಿಯನ್ನು ಸೇರಿಸಿ, ಆ ಕೆಲವು ಫ್ರೇಮ್‌ಗಳನ್ನು ಕಣ್ಣು ಮಿಟುಕಿಸುವುದರೊಳಗೆ ಮತ್ತೆ ಲೆಕ್ಕ ಹಾಕಿ ತೋರಿಸುತ್ತದೆ. ಮನುಷ್ಯರು ಒಂದು ಸೆಕೆಂಡಿನಲ್ಲಿ ಅರವತ್ತು ಸಲ ಮನಸ್ಸು ಬದಲಿಸುವುದಿಲ್ಲವಾದ್ದರಿಂದ ಊಹೆ ಬಹುಪಾಲು ಸರಿಯಾಗಿಯೇ ಇರುತ್ತದೆ. ಈ ವಿಧಾನವನ್ನು ಹೋರಾಟದ ಆಟಗಳಿಗೆ ಹೊಂದಿಸಿ ಜಿಜಿಪಿಒ ಎಂಬ ಹೆಸರಿನಲ್ಲಿ ರೂಪಿಸಿದವರು ಟೋನಿ ಕ್ಯಾನನ್. ಈವೊ ಎಂಬ ದೊಡ್ಡ ಪಂದ್ಯಾವಳಿಯ ಸ್ಥಾಪಕರಲ್ಲಿ ಅವರೂ ಒಬ್ಬರು.

ನನ್ನ ಮನೆಯ ಸಂಪರ್ಕದಲ್ಲಿ ಮುಂಬೈಯವರೊಂದಿಗೆ ಆಡುವಾಗ ಎದುರಾಳಿ ಪಕ್ಕದಲ್ಲೇ ಕೂತಂತೆ ಇರುತ್ತದೆ. ಸಿಂಗಪುರದವರೊಂದಿಗೂ ದೂರು ಹೇಳುವಂಥದ್ದೇನಿಲ್ಲ. ಆಗೊಮ್ಮೆ ಈಗೊಮ್ಮೆ ಪಾತ್ರವೊಂದು ಹೆಜ್ಜೆ ಹಾರಿಸಿ ಬೇರೆಡೆ ಕಾಣಿಸಿಕೊಳ್ಳುತ್ತದೆ, ಅಷ್ಟೇ. ಅಮೆರಿಕದವರು ಸಿಕ್ಕರೆ ಮಾತು ಬೇರೆ: ಸಮುದ್ರದಡಿಯ ತಂತಿಯಲ್ಲಿ ಬೆಳಕು ಅಷ್ಟು ದೂರ ಹೋಗಿ ಬರಲು ತೆಗೆದುಕೊಳ್ಳುವ ಹೊತ್ತನ್ನು ಯಾವ ತಂತ್ರಾಂಶವೂ ಕಡಿಮೆ ಮಾಡಲಾರದು, ಹೀಗಾಗಿ ಆ ಪಂದ್ಯಗಳಲ್ಲಿ ಮ್ಯಾಗ್ನೆಟೊ ನಡೆಯುವುದಿಲ್ಲ, ಉದುರಿ ಉದುರಿ ಬರುತ್ತಾನೆ. ಒಮ್ಮೆ ಮಳೆಯ ಸಂಜೆ, ನಮ್ಮ ಬಡಾವಣೆಯ ಇಂಟರ್‌ನೆಟ್ ಕೈಕೊಟ್ಟು, ಗೆಲ್ಲಲು ಒಂದೇ ಏಟು ಬಾಕಿಯಿದ್ದ ಪಂದ್ಯ ಕಡಿದುಹೋಯಿತು. ಅಂಗಡಿಯ ಕಾಲದಲ್ಲಿ ಕರೆಂಟು ಹೋದರೆ ಆಗುತ್ತಿದ್ದ ಸಂಕಟವೇ ಅದು, ನಾಣ್ಯ ಹೋಗಲಿಲ್ಲ ಎಂಬುದೊಂದೇ ವ್ಯತ್ಯಾಸ.

ಬಿಡುಗಡೆಯಾದ ಮೊದಲ ವಾರಗಳಲ್ಲಿ ಎರಡನೆಯ ಭಾಗಕ್ಕೆ ಎದುರಾಳಿ ಸಿಗಲು ಅರ್ಧ ನಿಮಿಷವೂ ಬೇಕಿರಲಿಲ್ಲ. ಈಗ ನಮ್ಮ ಸಮಯದ ರಾತ್ರಿಯಲ್ಲಿ ಕೆಲವೊಮ್ಮೆ ಐದು ನಿಮಿಷ ಕಾಯಬೇಕು. ‘ಮಾರ್ವೆಲ್ ಸೂಪರ್ ಹೀರೋಸ್’ಗಾದರೆ ಕಾಯುವ ಬದಲು ಗೆಳೆಯನಿಗೆ ಫೋನ್ ಮಾಡಿ ಕರೆಯುವುದೇ ವಾಸಿ. ಕಾಯುವಾಗ ಯಾವ ಯಾವ ಆಟಗಳಿಗೆ ಎದುರಾಳಿ ಬೇಕೆಂದು ಒಟ್ಟಿಗೇ ಗುರುತು ಹಾಕಿ, ಅಷ್ಟರಲ್ಲಿ ಅಭ್ಯಾಸ ಮಾಡುತ್ತಿರಬಹುದು, ಇದು ಜಾಣತನದ ಏರ್ಪಾಡು. ಗೆಳೆಯರನ್ನು ಸೇರಿಸಿ ಖಾಸಗಿ ಕೋಣೆ ಮಾಡಿಕೊಳ್ಳುವ ಅನುಕೂಲವಿದೆ. ನಮ್ಮ ಗುಂಪಿನ ಆರು ಮಂದಿ ಶನಿವಾರ ರಾತ್ರಿ ಹೀಗೆಯೇ ಸೇರುತ್ತೇವೆ. ಒಬ್ಬ ಹುಬ್ಬಳ್ಳಿಯಲ್ಲಿ, ಒಬ್ಬ ಮಸ್ಕತ್‌ನಲ್ಲಿ, ಉಳಿದವರು ಬೆಂಗಳೂರಿನ ಬೇರೆ ಬೇರೆ ಮೂಲೆಗಳಲ್ಲಿ. ಟ್ರಾಫಿಕ್ ಲೆಕ್ಕ ಹಾಕಿದರೆ ವೈಟ್‌ಫೀಲ್ಡಿನವನಿಗಿಂತ ಮಸ್ಕತ್‌ನವನೇ ನನಗೆ ಹತ್ತಿರ.

ಇಲ್ಲಿಯೇ ಈ ಸಂಕಲನದ ಅತಿ ದೊಡ್ಡ ಕೊರತೆಯನ್ನೂ ಹೇಳಬೇಕು. ಪ್ಲೇಸ್ಟೇಷನ್, ಸ್ವಿಚ್, ಕಂಪ್ಯೂಟರ್ ಹೀಗೆ ಆಡುವವರು ಬೇರೆ ಬೇರೆ ಬಾವಿಗಳಲ್ಲಿದ್ದಾರೆ. ಒಂದರಿಂದ ಇನ್ನೊಂದಕ್ಕೆ ದಾರಿಯಿಲ್ಲ. ಜನಸಂಖ್ಯೆ ದೊಡ್ಡದಿರುವ ಹೊಸ ಆಟಕ್ಕೆ ಇದು ಸಹ್ಯವಾಗಬಹುದು. ಇಪ್ಪತ್ತೈದು ವರ್ಷ ಹಳೆಯ ಆಟಕ್ಕೆ, ಅದರಲ್ಲೂ ಆಟಗಾರರು ವಿರಳವಾಗಿರುವ ಭಾರತದಂಥ ಕಡೆ, ಇರುವ ಕೆಲವರನ್ನೂ ಮೂರು ಪಾಲು ಮಾಡಿದರೆ ಉಳಿಯುವುದೇನು? ಎಕ್ಸ್‌ಬಾಕ್ಸ್ ರೂಪವೂ ಮೊದಲ ದಿನವೇ ಬಂದಿರಲಿಲ್ಲ. ಎದುರಾಳಿಗಾಗಿ ಕಾದವರ ಸಂಕಲನದಲ್ಲಿ ಎದುರಾಳಿಗಳ ನಡುವೆಯೇ ಗೋಡೆ ಕಟ್ಟಿದ್ದನ್ನು ನಾನು ಕ್ಷಮಿಸಲಾರೆ.

ಉಳಿದ ಕೊರತೆಗಳು ಚಿಕ್ಕವು. ಆಟವನ್ನು ನಡುವೆ ಉಳಿಸಿಟ್ಟು ಮತ್ತೆ ಬರುವ ಸೌಲಭ್ಯವಿದೆ, ಆದರೆ ಏಳೂ ಆಟಗಳಿಗೆ ಸೇರಿ ಒಂದೇ ಒಂದು ಜಾಗ. ‘ಪನಿಷರ್’ನ ನಾಲ್ಕನೆಯ ಘಟ್ಟದಲ್ಲಿ ಉಳಿಸಿಟ್ಟು ಬೇರೊಂದು ಆಟದಲ್ಲಿ ಮರೆತು ಮತ್ತೆ ಉಳಿಸಿದರೆ ಮೊದಲಿನದು ಹೋಯಿತು. ಅಮೆರಿಕದಲ್ಲಿ 49.99 ಡಾಲರ್ ಬೆಲೆಯಿಟ್ಟ ಸರಕಿನಲ್ಲಿ ಇಂಥ ಜಿಪುಣತನ ಒಪ್ಪುವುದಿಲ್ಲ. ಇನ್ನು ಅಭ್ಯಾಸದ ಕೋಣೆ ಬಹಳ ಚೆನ್ನಾಗಿದೆ: ಹೊಡೆತ ಎಲ್ಲಿ ತಾಗುತ್ತದೆ, ಎಲ್ಲಿ ತಾಗುವುದಿಲ್ಲ ಎಂಬುದನ್ನು ಬಣ್ಣದ ಚೌಕಗಳಲ್ಲಿ ತೋರಿಸುತ್ತದೆ. ಹಿಂದೆ ಹತ್ತು ನಾಣ್ಯ ಕಳೆದುಕೊಂಡು ಕಲಿಯುತ್ತಿದ್ದ ಪಾಠವಿದು. ಕೈ ತಿರುಗದವರಿಗಾಗಿ ಒಂದೇ ಗುಂಡಿಯಲ್ಲಿ ವಿಶೇಷ ಪಟ್ಟು ಹಾಕುವ ಆಯ್ಕೆಯೂ ಇದೆ. ಹಳಬರು ಮೂಗು ಮುರಿದರೂ, ಮನೆಯ ಹೆಂಗಸರು ಮಕ್ಕಳನ್ನು ಕೂರಿಸಿ ಆಡಿಸುವಾಗ ಅದರ ಬೆಲೆ ತಿಳಿಯುತ್ತದೆ (ನನ್ನ ತಂಗಿ ಅದೇ ಗುಂಡಿಯಿಂದ ನನ್ನನ್ನು ಎರಡು ಸಲ ಸೋಲಿಸಿದ್ದಾಳೆ, ಈ ವಿಷಯ ಇಲ್ಲಿಗೇ ಬಿಡೋಣ). ಹಳೆಯ ಪೋಸ್ಟರು, ರೇಖಾಚಿತ್ರ, ಹಾಡುಗಳ ಸಂಗ್ರಹಾಲಯವನ್ನು ಒಂದು ಸಂಜೆ ನೋಡಬಹುದು.

ಸಂಕಲನ ತನ್ನ ಕೆಲಸ ಮಾಡಿದೆಯೇ ಎಂಬುದಕ್ಕೆ ನನ್ನ ಮನೆಯ ಹೊರಗಿನ ಒಂದು ಸಾಕ್ಷಿ ಇದೆ. ಈವೊ ಪಂದ್ಯಾವಳಿಯ ಮುಖ್ಯ ಪಟ್ಟಿಯಲ್ಲಿ ‘ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2’ ಒಂದು ಕಾಲಕ್ಕೆ ತಪ್ಪದೆ ಇರುತ್ತಿತ್ತು; ಜಸ್ಟಿನ್ ವಾಂಗ್ ಎಂಬ ಆಟಗಾರ ಹೆಸರು ಮಾಡಿದ್ದೇ ಅಲ್ಲಿ, ಹಲವು ಸಲ ಗೆದ್ದು. 2010ರ ಬಳಿಕ ಆಟ ಆ ಮುಖ್ಯ ಪಟ್ಟಿಯಿಂದ ಮರೆಯಾಯಿತು. 2025ರ ಆಗಸ್ಟ್‌ನಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಈವೊದಲ್ಲಿ, ಆಟಕ್ಕೆ ಇಪ್ಪತ್ತೈದು ತುಂಬಿದ ವರ್ಷವೇ, ಅದು ಮುಖ್ಯ ಪಟ್ಟಿಗೆ ಮರಳಿತು. ಅಂಗಡಿಯಲ್ಲಿ ಸಿಗದ ಆಟಕ್ಕೆ ಆ ವೇದಿಕೆ ಸಿಗುತ್ತಿತ್ತೆಂದು ನನಗನಿಸುವುದಿಲ್ಲ.

ಕೊಳ್ಳುವವರಿಗೆ ಎರಡು ಮಾತು. ನಿಮ್ಮ ಗೆಳೆಯರು ಯಾವ ಯಂತ್ರದಲ್ಲಿ ಆಡುತ್ತಾರೆಂದು ಮೊದಲು ಕೇಳಿ, ಅದಕ್ಕೇ ಕೊಳ್ಳಿ. ನಡುವಿನ ಗೋಡೆ ನೆನಪಿರಲಿ. ಪ್ಲೇಸ್ಟೇಷನ್ 5 ಇರುವವರು ಪ್ಲೇಸ್ಟೇಷನ್ 4ರ ರೂಪವನ್ನೇ ಕೊಂಡು ಆಡಬಹುದು. ಯಾರೊಂದಿಗೂ ಆಡದೆ ಒಬ್ಬರೇ ಆಡುವವರಾದರೆ, ರಿಯಾಯಿತಿ ಬರುವವರೆಗೆ ಕಾಯಿರಿ. ಹೋರಾಟದ ಆಟ ಬೇಡ, ಮನೆಯಲ್ಲಿ ನಾಲ್ವರು ಒಟ್ಟಿಗೆ ಕೂತು ಗಲಾಟೆ ಮಾಡಬೇಕು ಎನ್ನುವವರು 2025ರ ಮೇ 16ರಂದು ಬಂದ ‘ಕ್ಯಾಪ್‌ಕಾಮ್ ಫೈಟಿಂಗ್ ಕಲೆಕ್ಷನ್ 2’ನ್ನು ನೋಡಲಿ, ಅದರಲ್ಲಿ ‘ಪವರ್ ಸ್ಟೋನ್ 2’ ಇದೆ. ನಾನಂತೂ ಸದ್ಯಕ್ಕೆ ‘ಪನಿಷರ್’ ಬಿಟ್ಟು ಏಳುತ್ತಿಲ್ಲ. ಹುಬ್ಬಳ್ಳಿಯ ಗೆಳೆಯ ಮೊನ್ನೆ ನಿಕ್ ಫ್ಯೂರಿಯಾಗಿ ಜೊತೆಗೆ ಬಂದ. ಪರದೆಯ ಮೇಲೆ ಒಂದೇ ಒಂದು ಹುರಿದ ಕೋಳಿ ಉಳಿದಿತ್ತು, ಇಬ್ಬರ ಜೀವವೂ ತೀರುವಂತಿತ್ತು. ಮೂವತ್ತು ವರ್ಷದ ಹಿಂದೆ ಮಾಡಿದಂತೆಯೇ ಆತ ಕೇಳದೆ ಓಡಿಹೋಗಿ ತಿಂದುಬಿಟ್ಟ.